ಎರಡನೇ ನಡೆಗೇ ಬಿ4 ಬಂದರೆ: ಗದಗಿನ ದೋಸ್ತನಿಗೊಂದು ಪತ್ರ

ದೋಸ್ತ,

ನೀನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಚೆಸ್ ಆಟದ ಸ್ಕೋರ್‌ಶೀಟ್ ನೋಡಿದೆ. ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗುವಾಗ ಮೊಬೈಲಿನಲ್ಲೇ ಆಟ ಪೂರ್ತಿ ಆಡಿಸಿದೆ. ಕೆಳಗೆ ‘ಇನ್ನ ಸಿಸಿಲಿಯನ್ ಬಿಟ್ಟುಬಿಡ್ತೀನಿ’ ಅಂತ ಬರೆದಿದ್ದೀಯಲ್ಲ, ಅದಕ್ಕೇ ಈ ಪತ್ರ. ಬಿಡಬೇಡ. ನಿನ್ನ ಹಾಗೇ ಬಿ4 ನೋಡಿ ಗಾಬರಿ ಬಿದ್ದವರು ಇನ್ನೂ ಇರಬಹುದು, ಅವರೂ ಓದಲಿ ಅಂತ ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ.

ಬಿಳಿ ಇ4, ಕಪ್ಪು ಸಿ5, ಇಲ್ಲಿಗೆ ಸಿಸಿಲಿಯನ್, ಆಮೇಲೆ ಬಿಳಿಯ ಬಿ4 (ಬರೀ ಮನೆಯ ಹೆಸರಿದ್ದರೆ ಅದು ಪಾನ್, ಅಂದರೆ ಕಾಲಾಳಿನ ನಡೆ). ಇದಕ್ಕೆ ವಿಂಗ್ ಗ್ಯಾಂಬಿಟ್ ಅನ್ನುತ್ತಾರೆ. ಹೊಸದೇನಲ್ಲ, 17ನೇ ಶತಮಾನದಲ್ಲೇ ಇಟಲಿಯ ಗ್ರೆಕೊ ಇದನ್ನು ಬಲ್ಲವನಾಗಿದ್ದ. 1909ರಿಂದ 1936ರವರೆಗೆ ಅಮೆರಿಕದ ಚಾಂಪಿಯನ್ ಆಗಿದ್ದ ಫ್ರಾಂಕ್ ಮಾರ್ಷಲ್‌ಗೂ ಇದು ಇಷ್ಟದ ಆಟ. ಬಿಳಿ ಕಾಯಿಯವನ ಲೆಕ್ಕ ಸರಳ: ಸಿ5ರಲ್ಲಿ ನಿಂತು ಡಿ4 ಮನೆ ಕಾಯುವ ನಿನ್ನ ಪಾನ್‌ಗೆ ಒಂದು ಪಾನ್ ಆಸೆ ತೋರಿಸಿ ಪಕ್ಕಕ್ಕೆ ಎಳೆಯುವುದು, ನಡುವಿನ ಜಾಗ ತಾನು ಹಿಡಿಯುವುದು.

ನೀನು ಬಿ4 ಹೊಡೆದದ್ದು ಸರಿ. ಅವನು ಎ3 ಆಡಿದಾಗ ಅದನ್ನೂ ಹೊಡೆದೆಯಲ್ಲ, ಆಟ ಕೆಟ್ಟದ್ದು ಅಲ್ಲೇ. ಎರಡು ಪಾನ್ ಕೈಯಲ್ಲಿದ್ದರೂ ಅವನ ಕುದುರೆ ಎ3ಗೆ ಬಂತು, ಬಿಷಪ್‌ಗೆ ಬಿ2ರ ಉದ್ದನೆ ಕರ್ಣ ಸಿಕ್ಕಿತು, ಡಿ4ಗೆ ಪಾನ್ ತಳ್ಳಿ ಅವನು ಆರಾಮಾಗಿ ಕೂತ. ನಿನ್ನ ಒಂದು ಕಾಯಿಯೂ ಹೊರಗೆ ಬಂದಿರಲಿಲ್ಲ. ಗಡಿಯಾರದಲ್ಲೂ ನೀನೇ ಹಿಂದೆ.

ಎ3ಗೆ ಉತ್ತರ ಡಿ5. ಇದೊಂದನ್ನು ತಲೆಯಲ್ಲಿಟ್ಟುಕೋ. ಅವನು ನಿನ್ನನ್ನು ಅಂಚಿಗೆ ಕರೆಯುತ್ತಿದ್ದಾನೆ, ನೀನು ನಡುವಿಗೇ ಹೋಗು. ಇ ಪಾನ್ ಡಿ5ರಲ್ಲಿ ಹೊಡೆದರೆ ಕ್ವೀನ್‌ನಿಂದ ತಿರುಗಿ ಹೊಡಿ. ಕ್ವೀನ್ ಇಷ್ಟು ಬೇಗ ಹೊರಗೆ ಬರಬಾರದು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ, ನಿಜ, ಆದರೆ ಇಲ್ಲಿ ಅದನ್ನು ಓಡಿಸಲು ಕುದುರೆ ಸಿ3ಗೆ ಬರುವ ಹಾಗಿಲ್ಲ, ಬಿ4ರಲ್ಲಿ ನಿನ್ನ ಪಾನ್ ಕಾದು ಕೂತಿದೆ. ಅವನೇನಾದರೂ ಅವಸರದಲ್ಲಿ ಎ ಪಾನ್‌ನಿಂದ ಬಿ4 ಹೊಡೆದರೆ, ಕ್ವೀನ್ ಇ5, ಚೆಕ್! ಇ ಸಾಲು ಖಾಲಿ, ರಾಜ ಎದುರಿಗೇ ಇದ್ದಾನೆ. ಬಿ2 ಸಹ ಖಾಲಿ, ಹಾಗಾಗಿ ಅದೇ ಕ್ವೀನ್ ಕರ್ಣದಲ್ಲಿ ಎ1ರ ಆನೆಯನ್ನೂ ನೋಡುತ್ತಿದೆ. ಆನೆ ಹೋಯಿತು ಅಂತಲೇ ಲೆಕ್ಕ. ಬೋರ್ಡ್ ಮೇಲೆ ಒಮ್ಮೆ ಇಟ್ಟು ನೋಡು, ಮತ್ತೆ ಮರೆಯುವುದಿಲ್ಲ.

ತಿಳಿದವನು ಅದಕ್ಕೇ ಮೊದಲು ಕುದುರೆಯನ್ನು ಎಫ್3ಗೆ ತರುತ್ತಾನೆ, ಇ5 ಮನೆ ಕಾಯಲು. ಆಗ ನೀನು ಆ ಮನೆಗೇ ಪಾನ್ ಇಡು, ಇ5. ಡಿ4 ನಿನ್ನ ಹಿಡಿತಕ್ಕೆ ಬಂತು, ಬಿಷಪ್‌ಗೂ ದಾರಿ ಆಯಿತು. ಈಗ ಅವನು ಬಿ4 ಹೊಡೆದರೆ ಬಿಷಪ್‌ನಿಂದ ತಿರುಗಿ ಹೊಡಿ. ಎಣಿಸಿ ನೋಡು, ಇಷ್ಟೆಲ್ಲ ಆದ ಮೇಲೂ ಒಂದು ಪಾನ್ ನಿನಗೇ ಜಾಸ್ತಿ.

ಇಲ್ಲಿಂದ ಸ್ವಲ್ಪ ಹುಷಾರು. ಅವನು ಸಿ3 ಆಡಿ ಬಿಷಪ್ ಓಡಿಸುತ್ತಾನೆ, ನೀನು ಸಿ5ಗೆ ಬರುತ್ತೀಯ, ಅವನ ಕುದುರೆ ಎ3ಗೆ ಬರುತ್ತದೆ. ನೋಡಲು ಬಡಪಾಯಿ ಕುದುರೆ, ಆದರೆ ಅದರ ಕಣ್ಣು ಬಿ5 ಮೇಲೆ, ಅಲ್ಲಿಂದ ಸಿ7ಗೆ. ಸಿ7ಗೆ ಬಂದರೆ ರಾಜನಿಗೆ ಚೆಕ್, ಡಿ5ರ ಕ್ವೀನ್‌ಗೂ ಪೆಟ್ಟು. ಸಿ7 ಕಾಯಲು ನನ್ನ ಕುದುರೆಯನ್ನು ಎ6ಗೆ ತಂದರಾಯಿತು ಅಂತ ಯಾರಿಗಾದರೂ ಅನಿಸುತ್ತದೆ, ಅಲ್ವಾ? ಅದೇ ಗುಂಡಿ. ಎ ಸಾಲು ತೆರೆದಿದೆ, ಅವನ ಆನೆ ಬಂದು ಎ6ರ ಕುದುರೆಯನ್ನೇ ತಿನ್ನುತ್ತದೆ, ನೀನು ಆನೆ ಹೊಡೆದರೆ ಸಿ7ಗೆ ಕುದುರೆ ಹಾರುತ್ತದೆ, ಕ್ವೀನ್ ಹೋಗುತ್ತದೆ. ಆದ್ದರಿಂದ ಕುದುರೆ ಎ3ಗೆ ಬಂದ ಕೂಡಲೇ ಬಿಷಪ್ ಕೊಟ್ಟು ಅದನ್ನು ಹೊಡೆದುಬಿಡು ಅನ್ನುವುದು ನನ್ನ ಸಲಹೆ. ಅವನಿಗೆ ಎರಡು ಬಿಷಪ್ ಉಳಿಯುತ್ತವೆ, ಎ3ಗೆ ಬಂದ ಬಿಷಪ್ ಎಫ್8 ಮನೆ ನೋಡುತ್ತಿರುವುದರಿಂದ ನಿನಗೆ ತಕ್ಷಣ ಕ್ಯಾಸಲ್ (ರಾಜನನ್ನು ಆನೆಯ ಆಸರೆಗೆ ಸರಿಸುವ ನಡೆ) ಮಾಡಲೂ ಆಗುವುದಿಲ್ಲ. ಪರವಾಗಿಲ್ಲ. ಒಂದು ಕುದುರೆ ಸಿ6ಗೆ, ಇನ್ನೊಂದು ಇ7ಗೆ. ಇ7ರ ಕುದುರೆ ಆ ಕರ್ಣಕ್ಕೆ ಅಡ್ಡ ನಿಲ್ಲುತ್ತದೆ, ಆಮೇಲೆ ಕ್ಯಾಸಲ್. ನಡುವೆ ಸಿ4 ಬಂದರೆ ಕ್ವೀನ್ ಸುಮ್ನೆ ಡಿ8ಗೆ ವಾಪಸ್.

ಬಿ4 ಹೊಡೆಯದೆ ಬಿ2ರಲ್ಲಿ ಬಿಷಪ್ ಇಟ್ಟು ಇ5 ಮೇಲೆ ಒತ್ತಡ ಹಾಕುವವರೂ ಇದ್ದಾರೆ. ನೀನು ಕುದುರೆ ಸಿ6ಗೆ ತಾ. ಆಗ ಸಿ4 ಆಡಿ ಕ್ವೀನ್ ಕೆಣಕುತ್ತಾರೆ. ಆನ್ ಪಾಸಾಂ (ಎರಡು ಮನೆ ಹಾರಿದ ಪಾನ್ ಒಂದೇ ಮನೆ ನಡೆದಂತೆ ಲೆಕ್ಕ ಹಿಡಿದು) ಹೊಡೆಯುವ ಆಸೆ ಬೇಡ, ಅವರ ಕುದುರೆ ಸಿ3ಗೆ ಕ್ವೀನ್ ಮೇಲೇ ಬಂದು ಕೂರುತ್ತದೆ. ಕ್ವೀನ್ ಇ6ಗೆ ಹೋಗಲಿ, ಇ5 ಪಾನ್‌ಗೆ ಕಾವಲು ತಪ್ಪಬಾರದು.

ಅವನು ಡಿ5 ಹೊಡೆಯದೆ ಇ5 ತಳ್ಳಿದರೆ ಇನ್ನೂ ಸಲೀಸು. ಮೊದಲು ಬಿಷಪ್ ಎಫ್5ಗೆ, ಆಮೇಲೆ ಇ6. ಇ4ಗೆ ಇ6 ಅನ್ನುವ ಫ್ರೆಂಚ್ ಡಿಫೆನ್ಸ್ ಆಡುವವರು ಆ ಬಿಷಪ್ ಒಳಗೆ ಸಿಕ್ಕಿಬಿದ್ದಿದೆ ಅಂತ ಒದ್ದಾಡುತ್ತಾರಲ್ಲ, ನಿನಗೆ ಆ ಚಿಂತೆಯೇ ಇಲ್ಲ.

ಇನ್ನೊಂದು ಮಾತು. ಕೆಲವರು ಮೊದಲು ಕುದುರೆ ಎಫ್3 ಆಡಿ, ನೀನು ಡಿ6 ಆಡಿದ ಮೇಲೆ ಬಿ4 ಬಿಡುತ್ತಾರೆ. 1937ರಲ್ಲಿ ಆಸ್ಟ್ರಿಯಾದಲ್ಲಿ ಎಸ್ಟೋನಿಯಾದ ಆಟಗಾರ ಪಾಲ್ ಕೆರೆಸ್ ಹೀಗೇ ಆಡಿ ಎಲಿಸ್ಕೇಸಸ್‌ನನ್ನು ಸೋಲಿಸಿದ. ಅಲ್ಲಿ ಎ3 ಬದಲು ನೇರ ಡಿ4 ಬರುತ್ತದೆ. ಈ ತರಹದ ಬಿ4 ಸುಲಭದ್ದಲ್ಲ, ಗೌರವ ಕೊಟ್ಟು ಆಡು. ಕುದುರೆ ಎಫ್6ಗೆ ತಂದು ಮತ್ತೆ ಡಿ5ಕ್ಕೇ ದಾರಿ ನೋಡು, ಒಂದು ನಡೆ ತಡವಾದರೂ ಸರಿ.

ಕಂಪ್ಯೂಟರ್ ಎಂಜಿನ್ ಹಚ್ಚಿ ಹದಿನೆಂಟನೇ ನಡೆಯವರೆಗೆ ಬಾಯಿಪಾಠ ಮಾಡಲು ಹೋಗಬೇಡ, ಅದು ಬೇಕಾಗುವುದಿಲ್ಲ. ಬರುವ ಭಾನುವಾರ ಮುಂಜಾನೆಯ ರೈಲಿಗೆ ಗದಗಿಗೆ ಬರುತ್ತೇನೆ. ಗಡಿಯಾರ ನಾನು ತರುತ್ತೇನೆ, ಬೋರ್ಡ್ ನೀನು ತೆಗೆದಿಡು. ಭೀಷ್ಮ ಕೆರೆ ಹತ್ತಿರ ನೆರಳು ನೋಡಿ ಕೂರೋಣ. ಬಿಳಿ ಕಾಯಿ ನನಗೆ, ಪ್ರತಿ ಆಟದಲ್ಲೂ ಬಿ4 ಆಡುತ್ತೇನೆ, ನೀನು ಡಿ5 ಆಡುತ್ತಾ ಹೋಗು. ಮಧ್ಯಾಹ್ನ ಮಿರ್ಚಿ-ಗಿರ್ಮಿಟ್ ಖರ್ಚು ಸೋತವನದು.

ನಿನ್ನ,
ಧಾರವಾಡದ ದೋಸ್ತ