ಆಸ್ತಿಯ ಜಾಹೀರಾತಿನಲ್ಲಿ ನೀರಿನ ಆಳವೂ ಇರಲಿ

ಮಾನ್ಯ ಸಂಪಾದಕರೇ,

ತಮ್ಮ ಪತ್ರಿಕೆಯ ಆಸ್ತಿ ಪುರವಣಿಯಲ್ಲಿ ಜಾಗ ಕೊಳ್ಳುವವರಿಗಾಗಿ ಬರುವ ಸಲಹೆಗಳನ್ನು ತಪ್ಪದೆ ಓದುತ್ತೇನೆ. ಹಕ್ಕುಪತ್ರ, ಋಣಭಾರ, ರಸ್ತೆಯ ಅಗಲ, ಸಾಲದ ಬಡ್ಡಿ ಎಲ್ಲಕ್ಕೂ ಅಲ್ಲಿ ಧಾರಾಳವಾಗಿ ಜಾಗ ಸಿಗುತ್ತದೆ. ಅಂತರ್ಜಲದ ವಿಷಯ ಮಾತ್ರ ‘ನೀರಿನ ಲಭ್ಯತೆಯನ್ನು ಖಚಿತಪಡಿಸಿಕೊಳ್ಳಿ’ ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ. ಖಚಿತಪಡಿಸಿಕೊಳ್ಳುವುದು ಹೇಗೆ ಎಂಬುದನ್ನು, ಕೊಳವೆಬಾವಿಗಳ ಪರೀಕ್ಷೆಯಲ್ಲಿ ಬಹಳ ಕಾಲ ಕಳೆದವನಾಗಿ ಇಲ್ಲಿ ಬರೆಯುತ್ತಿದ್ದೇನೆ.

ಮಾರುವವರು ಸಾಮಾನ್ಯವಾಗಿ ತೋರಿಸುವುದು ಹತ್ತು ನಿಮಿಷದ ಪ್ರದರ್ಶನವನ್ನು. ಗುಂಡಿ ಒತ್ತುತ್ತಾರೆ, ಪೈಪಿನ ತುಂಬ ನೀರು ಧುಮುಕುತ್ತದೆ, ನೋಡಲು ಬಂದವರ ಮುಖ ಅರಳುತ್ತದೆ. ರಾತ್ರಿಯಿಡೀ ಸುಮ್ಮನಿದ್ದ ಬಾವಿಯಿಂದ ಆ ಹೊತ್ತಿಗೆ ಹೊರಬರುವುದು ಹೆಚ್ಚಾಗಿ ಕೊಳವೆಯೊಳಗೆ ನಿಂತಿದ್ದ ನೀರೇ ಹೊರತು ಬಂಡೆಯ ಬಿರುಕುಗಳು ಹೊಸದಾಗಿ ಕೊಡುವ ನೀರಲ್ಲ. ನಾನು ಪರೀಕ್ಷಿಸಿದ ಒಂದು ಬಾವಿಯಲ್ಲಿ ಮೊದಲ ಗಂಟೆ ಧಾರೆ ಕದಲಲಿಲ್ಲ. ಮೂರನೆಯ ಗಂಟೆಗೆ ಗಾಳಿ ಸೇರಿ ಪೈಪು ಕೆಮ್ಮತೊಡಗಿತು, ಕೊನೆಗೆ ಬಂದದ್ದು ಕೆಂಪು ರಾಡಿ. ಮೋಟಾರ್ ನಿಲ್ಲಿಸಿ, ಅಳತೆಪಟ್ಟಿ ಇಳಿಬಿಟ್ಟು ಕಾದು ಕುಳಿತೆವು. ಕತ್ತಲಾಗುವವರೆಗೂ ನೀರು ಇಳಿದದ್ದರ ಅರ್ಧದಷ್ಟೂ ಮೇಲೇರಲಿಲ್ಲ. ಪಂಪ್ ಹಾಕುವ ಮುನ್ನ ನೀರು ಎಷ್ಟು ಆಳದಲ್ಲಿತ್ತು, ಒಂದೇ ಪ್ರಮಾಣದಲ್ಲಿ ಇಡೀ ದಿನ ಎತ್ತಿದಾಗ ಎಷ್ಟು ಇಳಿಯಿತು, ನಿಲ್ಲಿಸಿದ ಮೇಲೆ ಎಷ್ಟು ಹೊತ್ತಿಗೆ ಮರಳಿತು ಎಂಬ ಲೆಕ್ಕವನ್ನು, ಅದೂ ಮಳೆಗಾಲಕ್ಕೆ ಮುಂಚಿನ ಒಣ ದಿನಗಳಲ್ಲಿ ತೆಗೆದದ್ದನ್ನು, ಕೊಳ್ಳುವವರು ಕೇಳಿ ಪಡೆಯಬೇಕು. ಹಾಗೆ ಕೇಳಿದ ಮೇಲೂ ಪಕ್ಕದವರು ನಾಳೆ ಇನ್ನೂ ಆಳಕ್ಕೆ ಕೊರೆದರೆ ಈ ಲೆಕ್ಕ ತಪ್ಪಬಹುದು, ಆದ್ದರಿಂದ ಸುತ್ತಲಿನ ಬಾವಿಗಳ ಹಲವು ವರ್ಷಗಳ ಮಟ್ಟವನ್ನೂ ವಿಚಾರಿಸುವುದು ಒಳ್ಳೆಯದು.

ಕಾನೂನು ಬಿಗಿಯಿರುವ ಕಡೆಯೂ ಹಣ ಹಾಕಿದವರು ಎಡವಿದ್ದಾರೆ. ಅಮೆರಿಕದ ಅರಿಜೋನಾ ರಾಜ್ಯ 1980ರಲ್ಲಿ ಅಂತರ್ಜಲ ಕಾಯ್ದೆ ತಂದಿತು. ಅದರಡಿ ನಿಯಂತ್ರಣಕ್ಕೊಳಪಟ್ಟ ಪ್ರದೇಶಗಳಲ್ಲಿ ಬಡಾವಣೆ ಮಾಡುವವರು 100 ವರ್ಷಕ್ಕೆ ಸಾಲುವ ನೀರು ತೋರಿಸಬೇಕು. ಆರಕ್ಕಿಂತ ಕಡಿಮೆ ನಿವೇಶನಗಳಾಗಿ ಒಡೆದರೆ ಈ ಷರತ್ತಿಲ್ಲ. ರಿಯೊ ವರ್ಡೆ ಫುಟ್‌ಹಿಲ್ಸ್ ಎಂಬಲ್ಲಿ ಅದೇ ದಾರಿ ಹಿಡಿದು ಮನೆಗಳು ಎದ್ದವು, ನೂರಾರು ಮನೆಗಳು ಟ್ಯಾಂಕರ್ ನೀರನ್ನೇ ನೆಚ್ಚಿಕೊಂಡವು. ಆ ನೀರು ಕೊಡುತ್ತಿದ್ದ ಪಕ್ಕದ ಸ್ಕಾಟ್ಸ್‌ಡೇಲ್ ನಗರ 2023ರ ಜನವರಿ 1ರಿಂದ ಕೈಚೆಲ್ಲಿತು. ಅದೇ ವರ್ಷ ಜೂನ್‌ನಲ್ಲಿ, ಫೀನಿಕ್ಸ್ ಸುತ್ತಮುತ್ತ ಅಂತರ್ಜಲವನ್ನಷ್ಟೇ ನಂಬಿದ ಹೊಸ ಬಡಾವಣೆಗಳಿಗೆ ಒಪ್ಪಿಗೆ ಕೊಡುವುದನ್ನು ರಾಜ್ಯ ಸರ್ಕಾರ ನಿಲ್ಲಿಸಿತು. ಮೊದಲೇ ಒಪ್ಪಿಗೆ ಪಡೆದವರು ಪಾರಾದರು.

ನೀರು ಮೇಲೆಯೇ ಇದ್ದರೆ ಚಿಂತೆಯಿಲ್ಲ ಎಂದುಕೊಳ್ಳುವವರೂ ಇದ್ದಾರೆ. ನೀರಿನ ಮಟ್ಟಕ್ಕಿಂತ ಕೆಳಗಿಳಿದ ನೆಲಮಾಳಿಗೆಯನ್ನು, ಇಳಿದ ಪ್ರತಿ ಮೀಟರ್‌ಗೆ ಚದರ ಮೀಟರಿಗೆ ಸುಮಾರು 1 ಟನ್ನಿನಷ್ಟು ಬಲದಿಂದ ನೀರು ಮೇಲಕ್ಕೆ ಒತ್ತುತ್ತದೆ. ಬೇಸಿಗೆಯಲ್ಲಿ ಅಗೆದು, ಒಣಮಣ್ಣು ಕಂಡು, ತೆಳುವಾಗಿ ಕಾಂಕ್ರೀಟ್ ಹಾಸಿದ ನೆಲ ಮಳೆಗಾಲದಲ್ಲಿ ಬಿರಿಯುವುದು ಇದರಿಂದಲೇ. ಲಂಡನ್ನಿನಲ್ಲಿ ಕಾರ್ಖಾನೆಗಳು ನೀರೆತ್ತುವುದನ್ನು ಕಡಿಮೆ ಮಾಡಿದ ಮೇಲೆ ಮಟ್ಟ ಏರುತ್ತ ಬಂದು, ಸುರಂಗ ಮತ್ತು ಅಡಿಪಾಯಗಳನ್ನು ಉಳಿಸಿಕೊಳ್ಳಲು ಯೋಜನೆ ಹಾಕಿ ಮತ್ತೆ ನೀರೆತ್ತಬೇಕಾಯಿತು. ಅತಿಯಾಗಿ ಎತ್ತಿದ ಮೆಕ್ಸಿಕೊ ಸಿಟಿಯ ಕೆಲವು ಭಾಗಗಳಾದರೋ ವರ್ಷಕ್ಕೆ ಅರ್ಧ ಮೀಟರ್‌ವರೆಗೆ ಕುಸಿಯುತ್ತಿವೆ. ಒಮ್ಮೆ ಹಿಂಡಿಹೋದ ಜೇಡಿಪದರ ಮತ್ತೆ ನೀರುಂಡರೂ ಮೊದಲಿನ ದಪ್ಪಕ್ಕೆ ಬರುವುದಿಲ್ಲ. ಕಡಲಂಚಿನ ಜಾಗದ ಲೆಕ್ಕ ಇನ್ನೂ ಸೂಕ್ಷ್ಮವಾದದ್ದು. ಅಲ್ಲಿ ಸಿಹಿನೀರಿನ ಮಟ್ಟ 1 ಮೀಟರ್ ಇಳಿದರೆ ಕೆಳಗಿನ ಉಪ್ಪುನೀರಿನ ಗಡಿ, ಕಾಲಕ್ರಮದಲ್ಲಿ, ಸುಮಾರು 40 ಮೀಟರ್ ಮೇಲೇರಬಲ್ಲದು.

ಗುಣಮಟ್ಟದ ಪರೀಕ್ಷೆಯನ್ನು ಪ್ರಯೋಗಾಲಯದಲ್ಲೇ ಮಾಡಿಸಬೇಕು, ಏಕೆಂದರೆ ಫ್ಲೋರೈಡ್‌ಗಾಗಲಿ ಆರ್ಸೆನಿಕ್‌ಗಾಗಲಿ ಬಣ್ಣವಿಲ್ಲ, ವಾಸನೆಯಿಲ್ಲ. ಹಿಂದೆ ಪೆಟ್ರೋಲ್ ಬಂಕ್ ಅಥವಾ ಕಾರ್ಖಾನೆ ಇದ್ದ ಜಾಗವಾದರೆ ಮಣ್ಣನ್ನೂ ನೋಡಿಸಬೇಕು. ಅಮೆರಿಕದ 1980ರ ಸೂಪರ್‌ಫಂಡ್ ಕಾಯ್ದೆಯಂತೂ, ಕೊಳ್ಳುವ ಮುನ್ನ ಸರಿಯಾಗಿ ವಿಚಾರಣೆ ಮಾಡದಿದ್ದ ಮಾಲೀಕನ ಮೇಲೆ, ಅಪಾಯಕಾರಿ ರಾಸಾಯನಿಕವನ್ನು ಸುರಿದವನು ಬೇರೊಬ್ಬನೇ ಆಗಿದ್ದರೂ, ಶುದ್ಧೀಕರಣದ ವೆಚ್ಚ ಹೊರಿಸಬಲ್ಲದು.

ತಮ್ಮಲ್ಲಿ ನನ್ನ ಕೋರಿಕೆ ಚಿಕ್ಕದು. ‘ಸಮೃದ್ಧ ನೀರಿನ ಸೌಲಭ್ಯ’ ಎಂದು ಯಾವ ಜಾಹೀರಾತಿನಲ್ಲಿ ಬರೆದಿರುತ್ತದೋ, ಅದರ ಕೆಳಗೆ ನೀರಿನ ಆಳ ಎಷ್ಟು, ಅದನ್ನು ಅಳೆದದ್ದು ಯಾವ ತಿಂಗಳಲ್ಲಿ, ಎಷ್ಟು ಗಂಟೆ ಪಂಪ್ ಮಾಡಿದ ಮೇಲೆ ಎಂಬುದನ್ನೂ ನಮೂದಿಸುವಂತೆ ಜಾಹೀರಾತುದಾರರನ್ನು ಕೇಳಿರಿ. ಕೊಡಲು ಒಪ್ಪದವರ ಜಾಹೀರಾತಿನಿಂದ ಆ ವಿಶೇಷಣವೊಂದನ್ನು ತೆಗೆದುಹಾಕಿದರೂ ಸಾಕು.

ಇಂತಿ,
ತಮ್ಮ ಪತ್ರಿಕೆಯ ಹಳೆಯ ಓದುಗ