ಮೊದಲ ಸಾವಿರ ಕಿಲೋಮೀಟರ್

ಶ್ರೀನಿವಾಸಪುರ

ಚಿ. ಸುಮಾಳಿಗೆ ನಿನ್ನ ಮಾವನ ಆಶೀರ್ವಾದಗಳು. ನಾವೆಲ್ಲ ಕ್ಷೇಮ.

ಸ್ವಂತ ಸಂಪಾದನೆಯಲ್ಲಿ ನೀನು ಕಾರು ಕೊಂಡ ಸುದ್ದಿಯನ್ನು ಅಕ್ಕ ಹೇಳಿದಾಗ ಮನಸ್ಸು ತುಂಬಿ ಬಂತು. ಆದರೆ ಬರುವ ಶನಿವಾರವೇ ಐದು ಜನ ಕೂತು ತಿರುಪತಿಗೆ ಹೊರಡುತ್ತೀರಿ ಎಂದೂ ಅವಳು ಹೇಳಿದಳು. ಅದಕ್ಕಾಗಿಯೇ ಈ ಕಾಗದ. ತಿರುಪತಿಯನ್ನು ಸ್ವಲ್ಪ ಮುಂದೂಡಮ್ಮ, ಹೊಸ ಗಾಡಿಯನ್ನು ಮೊದಲ ಸಾವಿರ ಕಿಲೋಮೀಟರ್ ಹದವಾಗಿ ಓಡಿಸಿ ಪಳಗಿಸಬೇಕು.

ದಾರಿಯನ್ನೇ ಯೋಚಿಸಿ ನೋಡು. ಕೋಲಾರ ಬಿಟ್ಟರೆ ಮುಳಬಾಗಿಲು, ನಂಗಲಿ ದಾಟಿ ಪಲಮನೇರಿನವರೆಗೆ ಹೆದ್ದಾರಿಯಲ್ಲಿ ಒಂದೇ ವೇಗದ ಓಟ. ಅಲ್ಲಿಂದ ಮುಂದೆ ಮೊಗಿಲಿ ಘಾಟಿಯ ಇಳಿಜಾರು. ನಿನ್ನ ಬ್ರೇಕ್ ಪ್ಯಾಡುಗಳು ಇನ್ನೂ ಡಿಸ್ಕಿಗೆ ಹೊಂದಿಕೊಂಡೇ ಇರುವುದಿಲ್ಲ. ಕೊನೆಗೆ ತುಂಬಿದ ಗಾಡಿಯಲ್ಲಿ ಎ.ಸಿ. ಹಾಕಿಕೊಂಡು ತಿರುಮಲದ ಏರು. ಹೊಸ ಗಾಡಿಗೆ ಏನೇನು ಕೂಡದೋ ಅಷ್ಟೂ ಒಂದೇ ದಿನದಲ್ಲಿ ಆಗಿಹೋಗುತ್ತದೆ.

ಈಗಿನ ಎಂಜಿನ್ನುಗಳಿಗೆ ಹಾಗೆ ಪಳಗಿಸುವುದೆಲ್ಲ ಬೇಕಿಲ್ಲವೆಂದು ಷೋರೂಮಿನ ಹುಡುಗ ಹೇಳಿದನಂತೆ. ಅವನ ಮಾತಿನಲ್ಲಿ ಅರ್ಧ ಸತ್ಯವಿದೆ. ಈಗ ಕಾರ್ಖಾನೆಯಲ್ಲೇ ಬೋರನ್ನು, ಅಂದರೆ ಸಿಲಿಂಡರಿನ ಒಳಗೋಡೆಯನ್ನು, ಬಹಳ ನಿಖರವಾಗಿ ತೆಗೆಯುತ್ತಾರೆ, ಹಿಂದಿನಷ್ಟು ಕಟ್ಟುನಿಟ್ಟು ಬೇಡ. ಆದರೂ ಕಾರಿನ ಜೊತೆ ಕೊಟ್ಟ ಕೈಪಿಡಿಯನ್ನು ತೆರೆದು ನೋಡು. ಮೊದಲ ಸಾವಿರ ಕಿಲೋಮೀಟರಿಗೆ ಹೇಗೆ ಓಡಿಸಬೇಕೆಂದು ಹೆಚ್ಚಿನ ಕಂಪನಿಗಳು ಇಂದಿಗೂ ಅದರಲ್ಲಿ ಬರೆಯುತ್ತವೆ. ನಿನ್ನ ಪುಸ್ತಕದಲ್ಲಿರುವ ಮಾತು ಆ ಹುಡುಗನ ಮಾತಿಗಿಂತಲೂ ನನ್ನ ಮಾತಿಗಿಂತಲೂ ದೊಡ್ಡದು.

ಇಷ್ಟು ವರ್ಷ ಕೋಲಾರದಲ್ಲಿ ಎಂಜಿನ್ ಬೋರಿಂಗ್ ಅಂಗಡಿ ನಡೆಸಿದವನು ನಾನು. ಒಳಗೆ ನಡೆಯುವುದನ್ನು ಹೇಳುತ್ತೇನೆ. ಪಿಸ್ಟನ್ ಓಡಾಡುವ ಸಿಲಿಂಡರಿನ ಗೋಡೆ ಪೂರ್ತಿ ನುಣ್ಣಗಿರುವುದಿಲ್ಲ. ಹೋನಿಂಗ್ ಮಾಡುವಾಗ, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜುವಾಗ, ಒಂದಕ್ಕೊಂದು ಅಡ್ಡ ಹಾಯುವ ಸಣ್ಣ ಗೀರುಗಳನ್ನು ಬೇಕೆಂದೇ ಎಳೆದಿರುತ್ತಾರೆ. ಆ ಗೀರುಗಳಲ್ಲಿ ಆಯಿಲ್ ನಿಲ್ಲುತ್ತದೆ. ಅವುಗಳ ಏಣುಗಳು ಪಿಸ್ಟನ್ನಿನ ಸುತ್ತ ಇರುವ ರಿಂಗಿಗೆ ಉಜ್ಜಿ ಸವೆದಾಗ ರಿಂಗು, ಗೋಡೆ ಎರಡೂ ಕೂಡಿಕೊಳ್ಳುತ್ತವೆ. ರಿಂಗನ್ನು ಗೋಡೆಗೆ ಒತ್ತುವುದು ಅದರ ಸ್ಪ್ರಿಂಗ್ ಗುಣವೊಂದೇ ಅಲ್ಲ, ಮೇಲೆ ಉರಿದ ಅನಿಲದ ಒತ್ತಡವೂ ಹೌದು. ಎಂಜಿನ್ನಿನ ಮೇಲೆ ಭಾರವೇ ಬೀಳದಿದ್ದರೆ ಆ ಒತ್ತಡ ಸಾಲದು. ಆಗ ಏಣು ಸವೆಯುವ ಮೊದಲೇ ಗೋಡೆಯ ಮೇಲೆ ಆಯಿಲ್ ಸುಟ್ಟು ಪದರ ಕಟ್ಟುತ್ತದೆ. ಹೊಸದರಿಂದಲೇ ಲೋಡ್ ಇಲ್ಲದೆ ಓಡಿಸಿದ ಡೀಸೆಲ್ ಜನರೇಟರುಗಳು ನಮ್ಮ ಅಂಗಡಿಗೆ ಬರುತ್ತಿದ್ದವು. ಹೆಡ್ ಬಿಚ್ಚಿದರೆ ಬೋರು ಕನ್ನಡಿಯಂತೆ ಹೊಳೆಯುತ್ತಿತ್ತು. ನೋಡಲು ಚೆಂದ, ಆದರೆ ಅಂಥ ಎಂಜಿನ್ ಆಯಿಲ್ ಕುಡಿದು ನೀಲಿ ಹೊಗೆ ಬಿಡುತ್ತದೆ. ಮತ್ತೆ ಹೋನಿಂಗ್ ಮಾಡಿ ಹೊಸ ರಿಂಗು ಹಾಕದೆ ದಾರಿಯಿಲ್ಲ.

ಆದ್ದರಿಂದ ಮುದ್ದು ಮಾಡಿ ನಲವತ್ತರಲ್ಲೇ ಓಡಿಸುತ್ತೇನೆಂದು ಹೊರಡಬೇಡ. ಚಚ್ಚಲೂ ಬೇಡ. ವೇಗ ಬದಲಾಗುತ್ತಿರಬೇಕು. ಅರ್ಧದಷ್ಟು ಆಕ್ಸಿಲರೇಟರ್ ಕೊಟ್ಟು ವೇಗ ಏರಿಸು, ಗೇರಿನಲ್ಲೇ ಬಿಟ್ಟು ಕಾಲು ತೆಗೆದು ಇಳಿಸು, ಮತ್ತೆ ಏರಿಸು. ಪೆಟ್ರೋಲ್ ಕಾರಾದ್ದರಿಂದ ಎರಡು ಸಾವಿರದಿಂದ ನಾಲ್ಕು ಸಾವಿರ ಆರ್‌ಪಿಎಂ ನಡುವೆ ಇದ್ದರೆ ಸಾಕು. ಏರಿನಲ್ಲಿ ಎಂಜಿನ್ ತಿಣುಕುವಾಗ ದೊಡ್ಡ ಗೇರಿನಲ್ಲಿ ಎಳೆಸಬೇಡ, ತಕ್ಷಣ ಗೇರ್ ಇಳಿಸು. ಎಷ್ಟೋ ಜನ ಪೆಟ್ರೋಲ್ ಉಳಿಸುವ ಆಸೆಗೆ ಮಾಡುವ ತಪ್ಪು ಇದು, ನನಗೆ ನೋಡಲಾಗುವುದಿಲ್ಲ.

ಇದಕ್ಕೆಲ್ಲ ನಮ್ಮ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ರಸ್ತೆಯೇ ಸರಿ. ಊರು, ತಿರುವು, ಹಂಪು ಬರುತ್ತಲೇ ಇರುವುದರಿಂದ ವೇಗ ತಾನಾಗಿ ಏರಿಳಿಯುತ್ತದೆ. ಹೊಸಕೋಟೆಯಿಂದ ಬೇತಮಂಗಲದ ಕಡೆಗೆ ಆಗಿರುವ ಎಕ್ಸ್‌ಪ್ರೆಸ್‌ವೇ ರಸ್ತೆಗೆ ನಿನ್ನ ತಮ್ಮ ಕರೆದರೆ ಈಗ ಬೇಡವೆನ್ನು. ಅಲ್ಲಿ ಬಹಳ ಹೊತ್ತು ಕಾಲು ಅಲುಗಿಸದೆ ಕೂರುವುದು ಹೊಸ ಎಂಜಿನ್ನಿಗೆ ಒಗ್ಗುವುದಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ನಿಲ್ಲಿಸಿ ಬಿಸಿ ಮಾಡುವುದು, ನ್ಯೂಟ್ರಲಿನಲ್ಲಿ ರೇಸ್ ಮಾಡುವುದು ಎರಡೂ ಬೇಡ. ಅರ್ಧ ನಿಮಿಷ ಬಿಟ್ಟು ನಿಧಾನವಾಗಿ ಹೊರಡು. ನೀರು ಬಿಸಿಯಾದರೂ ಆಯಿಲ್ ಬಿಸಿಯಾಗಲು ಇನ್ನಷ್ಟು ಹೊತ್ತು ಬೇಕು, ಅಲ್ಲಿಯವರೆಗೆ ಒತ್ತಬೇಡ. ಆಫೀಸು ಹತ್ತಿರವೆಂದು ದಿನವೂ ಬರೀ ನಾಲ್ಕು ಕಿಲೋಮೀಟರ್ ಓಡಿಸಿ ನಿಲ್ಲಿಸಿದರೂ ಎಂಜಿನ್ ಪಳಗುವುದಿಲ್ಲ, ವಾರಕ್ಕೊಮ್ಮೆಯಾದರೂ ಹೊರಗೆ ತೆಗೆ.

ಮೊದಲ ಮುನ್ನೂರು ಕಿಲೋಮೀಟರ್ ಜೋರು ಬ್ರೇಕ್ ಹಾಕುವ ಪ್ರಸಂಗ ಬಾರದಂತೆ ಮುಂದಿನ ಗಾಡಿಯಿಂದ ದೂರವಿರು. ಹೊಸ ಟೈರು ಮಳೆಯಲ್ಲಿ ಜಾರುತ್ತದೆ, ಎಚ್ಚರ. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಐದು ನಿಮಿಷದ ಮೇಲೆ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡುವ ಅಭ್ಯಾಸ ಮಾಡಿಕೋ. ಶುರುವಿನಲ್ಲಿ ಆಯಿಲ್ ಸ್ವಲ್ಪ ಇಳಿದರೆ ಗಾಬರಿ ಬೇಡ. ಎಂಜಿನ್ನಿಗೆ ಒಳ್ಳೆಯದೆಂದು ಯಾರೇ ಬಾಟಲಿ ಮಾರಿದರೂ ಸುರಿಯಬೇಡ.

ಈ ಶನಿವಾರ ಪೂಜೆಗೆ ಕುರುಡುಮಲೆ ಗಣಪತಿಯ ಹತ್ತಿರ ಹೋಗಿ ಬನ್ನಿ. ಮೊದಲ ಸರ್ವಿಸ್ ಮುಗಿದ ಮೇಲೆ ತಿರುಪತಿಗೆ ಹೊರಡುವಾಗ ತಿಳಿಸು, ನಾನೂ ನಿನ್ನ ಅತ್ತೆಯೂ ಬಸ್ಸಿನಲ್ಲಿ ಮುಳಬಾಗಿಲಿಗೆ ಬಂದು ನಿಮ್ಮನ್ನು ಕಾಣುತ್ತೇವೆ. ಅಕ್ಕನಿಗೂ ಭಾವನಿಗೂ ನಮಸ್ಕಾರ ತಿಳಿಸು.

ಇಂತಿ,
ನಿನ್ನ ಮಾವ