ಹಳೆಯ ಟರ್ಬೊ ಕಾರಿಗೆ ಎಥೆನಾಲ್: ಬಂಕ್‌ನಲ್ಲಿ ಪ್ರಮಾಣವನ್ನಾದರೂ ಬರೆಯಲಿ

ಮಾನ್ಯ ಸಂಪಾದಕರೇ,

ನನ್ನ ಕಾರು 2014ರ ಮಾದರಿಯದು, 1.2 ಲೀಟರಿನ ಟರ್ಬೊ ಪೆಟ್ರೋಲ್ ಎಂಜಿನ್, ಓಡಿರುವುದು 1,62,000 ಕಿಲೋಮೀಟರ್. ವಿಜಯನಗರದ ಮನೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗೆ ವರ್ಷಗಟ್ಟಲೆ ನನ್ನನ್ನು ಕರೆದೊಯ್ದ ಈ ಕಾರನ್ನು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲಿಗೆ ಒಗ್ಗಿಸಲು ಹೋಗಿ ನಾನು ಕಲಿತ ಸಂಗತಿಗಳನ್ನು ಇತರ ಓದುಗರೊಂದಿಗೆ ಹಂಚಿಕೊಳ್ಳುವುದು ಅಗತ್ಯವೆನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ. ಹಳೆಯ ಕಾರಿಗೆ ಎಥೆನಾಲ್ ವಿಷ ಎನ್ನುವವರೂ ಇದ್ದಾರೆ, ಏನೇನೂ ಆಗುವುದಿಲ್ಲ ಎಂದು ಕೈತೊಳೆದುಕೊಳ್ಳುವವರೂ ಇದ್ದಾರೆ. ನನ್ನ ಅನುಭವದಲ್ಲಿ ಎರಡೂ ಮಾತು ನಿಜವಲ್ಲ.

ಟರ್ಬೊ ಎಂಜಿನ್ನಿಗೆ ಎಥೆನಾಲ್ ಹುಟ್ಟುವೈರಿಯಲ್ಲ. ಟರ್ಬೊ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ಆ ಕಾವಿಗೆ ಇಂಧನ ತನ್ನಷ್ಟಕ್ಕೆ ಹೊತ್ತಿಕೊಂಡರೆ ಎಂಜಿನ್ ಕಟಕಟನೆ ಬಡಿಯತೊಡಗುತ್ತದೆ, ಅದನ್ನೇ ನಾವು ನಾಕಿಂಗ್ ಎನ್ನುವುದು. ಎಥೆನಾಲಿನ ಆಕ್ಟೇನ್ ಸಂಖ್ಯೆ, ಎಂದರೆ ನಾಕಿಂಗ್ ತಡೆಯುವ ಗುಣದ ಅಳತೆ, 108ರ ಆಸುಪಾಸಿನಲ್ಲಿದೆ, ಮೇಲಾಗಿ ಅದು ಆವಿಯಾಗುವಾಗ ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಹೀರಿಕೊಂಡು ಒಳಗಿನ ಗಾಳಿಯನ್ನು ತಂಪಾಗಿಸುತ್ತದೆ. ಆದ್ದರಿಂದ ಈ ಬಡಿತವನ್ನು ತಡೆಯುವುದರಲ್ಲಿ ಅದು ಪೆಟ್ರೋಲಿಗಿಂತ ಮೇಲು. ಆದರೆ ಒಂದು ಲೀಟರ್ ಎಥೆನಾಲಿನಲ್ಲಿರುವ ಶಕ್ತಿ ಒಂದು ಲೀಟರ್ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು 14.7 ಕಿಲೋ ಗಾಳಿ ಬೇಕಾದರೆ ಎಥೆನಾಲಿಗೆ 9 ಕಿಲೋ ಸಾಕು. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನವನ್ನು ಹರಿಸಬೇಕು. ಆ ಹೆಚ್ಚಿನ ಇಂಧನವನ್ನು ತಳ್ಳುವ ತಾಕತ್ತು ಲಕ್ಷಾಂತರ ಕಿಲೋಮೀಟರ್ ದುಡಿದ ಪಂಪ್, ಫಿಲ್ಟರ್, ಇಂಧನ ಸಿಂಪಡಿಸುವ ಇಂಜೆಕ್ಟರ್‌ಗಳಲ್ಲಿ ಉಳಿದಿದೆಯೇ ಎಂಬುದೇ ಹಳೆಯ ಕಾರಿನ ಮಾಲೀಕ ಕೇಳಿಕೊಳ್ಳಬೇಕಾದ ಪ್ರಶ್ನೆ.

ನನ್ನ ಕಾರಿನಲ್ಲಿ ಆಗಿದ್ದು ಇದೇ. ಬೊಮ್ಮನಹಳ್ಳಿಯ ಬಳಿ ಮೇಲ್ಸೇತುವೆ ಏರುವಾಗ ಆಕ್ಸಿಲರೇಟರ್ ಒತ್ತಿದರೂ ಕಾರು ಏದುಸಿರು ಬಿಟ್ಟಂತೆ ತಡವರಿಸುತ್ತಿತ್ತು. ಮೂರನೆಯ ದಿನ ಎಂಜಿನ್ ಎಚ್ಚರಿಕೆಯ ಹಳದಿ ದೀಪ ಹೊತ್ತಿತು. ಮೊದಲು ಹೋದ ಗ್ಯಾರೇಜಿನಲ್ಲಿ ಒಂದು ಅಳತೆಯನ್ನೂ ಮಾಡದೆ, ಇದು ಎಥೆನಾಲಿನ ಕೆಲಸ, ನಾಲ್ಕೂ ಇಂಜೆಕ್ಟರ್ ಬದಲಾಯಿಸಬೇಕು ಎಂದುಬಿಟ್ಟರು. ಮನಸ್ಸು ಒಪ್ಪದೆ ಕಾಮಾಕ್ಷಿಪಾಳ್ಯದ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಸ್ಕ್ಯಾನರ್ ಜೋಡಿಸಿ ಪಕ್ಕದ ಸೀಟಿನಲ್ಲಿ ಕುಳಿತು ನನ್ನಿಂದಲೇ ಕಾರು ಓಡಿಸಿದರು. ನಿಂತಲ್ಲಿ ಎಂಜಿನ್ನಿನ ಕಂಪ್ಯೂಟರ್ ಲೆಕ್ಕಕ್ಕಿಂತ ಶೇ 5ರಷ್ಟು ಹೆಚ್ಚು ಇಂಧನ ಕೇಳುತ್ತಿತ್ತು. ಏರಿನಲ್ಲಿ ಅದು ಶೇ 18ಕ್ಕೆ ಹೋಯಿತು. ಶೇ 10ರಿಂದ ಶೇ 20 ಎಥೆನಾಲಿಗೆ ಹೋದರೆ ಹೆಚ್ಚುವರಿ ಬೇಕಾಗುವುದು ಶೇ 4ರಷ್ಟು ಮಾತ್ರ, ಉಳಿದದ್ದು ಎಲ್ಲಿಂದ ಬಂತು ಎಂದು ಅವರು ಕೇಳಿದರು. ಆಮೇಲೆ ಫ್ಯುಯೆಲ್ ಫಿಲ್ಟರನ್ನು ಬಿಚ್ಚಿ, ಒಳಗಿನ ಪೆಟ್ರೋಲನ್ನೆಲ್ಲ ಬಸಿದು, ಗರಗಸದಿಂದ ಎರಡು ಹೋಳು ಮಾಡಿದರು. ಒಳಗಿನ ಮಡಿಕೆ ಮಡಿಕೆಯಾದ ಕಾಗದ ಕಾಫಿಯ ಚರಟದ ಬಣ್ಣಕ್ಕೆ ತಿರುಗಿತ್ತು. ಉಗುರಿನಿಂದ ಕೆರೆದರೆ ಜಿಗುಟು ಬರುತ್ತಿತ್ತು. ಹತ್ತು ವರ್ಷ ಟ್ಯಾಂಕಿನ ತಳದಲ್ಲಿ ಕೂತಿದ್ದ ಕೊಳೆಯನ್ನು ಎಥೆನಾಲ್ ಕರಗಿಸಿ ತಂದು ಅಲ್ಲಿ ಗುಡ್ಡೆ ಹಾಕಿತ್ತು. ಇಂಧನದ ಒಂದು ಹಳೆಯ ರಬ್ಬರ್ ಹೋಸ್ ಕೂಡ ಉಬ್ಬಿ, ಬಗ್ಗಿಸಿದೆಡೆ ಸಣ್ಣಗೆ ಬಿರಿದಿತ್ತು. ಫಿಲ್ಟರ್, ಹೋಸ್ ಮತ್ತು ಟ್ಯಾಂಕಿನೊಳಗಿನ ಪಂಪ್ ಬದಲಾಯಿಸಿದ ಮೇಲೆ ಅದೇ ಏರಿನಲ್ಲಿ ಶೇ 18 ಇದ್ದದ್ದು ಶೇ 6ಕ್ಕೆ ಇಳಿಯಿತು. ಇಂಜೆಕ್ಟರ್‌ಗಳು ಇಂದಿಗೂ ಹಳೆಯವೇ ಇವೆ. ಕಾರಿನ ವಯಸ್ಸು ಬಚ್ಚಿಟ್ಟಿದ್ದ ದೋಷವನ್ನು ಎಥೆನಾಲ್ ಹೊರಗೆಳೆದಿತ್ತು.

ಮೈಲೇಜ್ ಮಾತ್ರ ಹಿಂದಿನ ಮಟ್ಟಕ್ಕೆ ಬರಲಿಲ್ಲ, ಲೀಟರಿಗೆ 13.2 ಕಿಲೋಮೀಟರ್ ಇದ್ದದ್ದು 12.4ಕ್ಕೆ ನಿಂತಿದೆ. ಇದರಲ್ಲಿ ಅಚ್ಚರಿಯೇನೂ ಇಲ್ಲ. ಹಳೆಯ ವಿನ್ಯಾಸದ ಕಾರುಗಳಲ್ಲಿ ಶೇ 6ರಿಂದ 7ರಷ್ಟು ಇಳಿಕೆಯಾಗಬಹುದೆಂದು ನೀತಿ ಆಯೋಗದ 2021ರ ವರದಿಯಲ್ಲೇ ಇದೆ.

ಇನ್ನು ಕೆಲವರು ಹಳೆಯ ಟರ್ಬೊ ಕಾರುಗಳಿಗೆ ಸಣ್ಣದೊಂದು ಚಿಪ್ ಅಳವಡಿಸಿ ಶೇ 85ರ ಎಥೆನಾಲಿಗೆ ಬದಲಾಯಿಸಿಕೊಡುವುದಾಗಿ ಹೇಳುತ್ತಾರೆ. ಪಿಕಪ್ ಹೆಚ್ಚುತ್ತದೆಂಬ ಆಸೆಗೆ ಯುವಕರು ಮರುಳಾಗುವುದನ್ನು ನೋಡಿ ನನಗೆ ನಿಜಕ್ಕೂ ಆತಂಕವಾಗುತ್ತದೆ. ಶುದ್ಧ ಪೆಟ್ರೋಲಿಗೆ ಹೋಲಿಸಿದರೆ ಅಂಥ ಇಂಧನಕ್ಕೆ ಸುಮಾರು ಶೇ 40ರಷ್ಟು ಹೆಚ್ಚು ಹರಿವು ಬೇಕು. ಸಾಮಾನ್ಯ ಕಾರಿನ ಕಂಪ್ಯೂಟರ್ ತಾನಾಗಿ ಸರಿದೂಗಿಸಿಕೊಳ್ಳುವ ಮಿತಿ ಅದಕ್ಕಿಂತ ಕಡಿಮೆ. ಟರ್ಬೊ ಪೂರ್ತಿ ಒತ್ತಡದಲ್ಲಿರುವಾಗ ಇಂಧನ ಸಾಲದೆ ಹೋದರೆ ಪಿಸ್ಟನ್ ಸುಡುತ್ತದೆ, ಟರ್ಬೈನ್ ಮಿತಿಮೀರಿ ಕಾಯುತ್ತದೆ. ಎಥೆನಾಲ್ ಪ್ರಮಾಣ ಹೆಚ್ಚುಕಡಿಮೆಯಾದರೂ ಹೊಂದಿಕೊಳ್ಳುವಂತೆ ರೂಪಿಸಿದ ಫ್ಲೆಕ್ಸ್ ಫ್ಯುಯೆಲ್ ಕಾರಿನ ಮಾತು ಬೇರೆ. ಬ್ರೆಜಿಲ್‌ನಲ್ಲಿ 2003ರಿಂದಲೂ ಅಂಥವು ಓಡುತ್ತಿವೆ. ಒಂದೂವರೆ ಲಕ್ಷ ಕಿಲೋಮೀಟರ್ ಓಡಿದ ಕಾರಿಗೆ ದೊಡ್ಡ ಪಂಪ್, ದೊಡ್ಡ ಇಂಜೆಕ್ಟರ್, ಎಥೆನಾಲ್ ಪ್ರಮಾಣ ಅಳೆಯುವ ಸೆನ್ಸರ್, ಹೊಸದಾಗಿ ಬರೆದ ತಂತ್ರಾಂಶ ಇವಿಷ್ಟೂ ಇಲ್ಲದೆ ಆ ಸಾಹಸ ಬೇಡವೆಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಎಂಜಿನ್ ಆಯಿಲನ್ನೂ ಮರೆಯಬಾರದು: ಟ್ರಾಫಿಕ್ಕಿನಲ್ಲಿ ಎಂಜಿನ್ ಸರಿಯಾಗಿ ಕಾಯದೆ ನಿಲ್ಲುವ ಸಣ್ಣ ಓಡಾಟಗಳಲ್ಲಿ ಉರಿಯದ ಇಂಧನವೂ ನೀರಿನಂಶವೂ ಆಯಿಲಿಗೆ ಸೇರುತ್ತವೆ, ಟರ್ಬೊದ ಬೇರಿಂಗ್ ಬದುಕುವುದು ಆ ಆಯಿಲಿನ ಮೇಲೆಯೇ. ನಾನು ಈಗ 7,500 ಕಿಲೋಮೀಟರಿಗೊಮ್ಮೆ ಬದಲಾಯಿಸುತ್ತಿದ್ದೇನೆ.

ನಾನು ಇದನ್ನೆಲ್ಲ ಕಂಡುಕೊಂಡ ಬಗೆಯೇ ನನ್ನ ಮುಖ್ಯ ದೂರು. 2024ರ ಆರಂಭದಲ್ಲಿ ಮನೆಯ ಸಮೀಪದ ಎರಡು ಬಂಕ್‌ಗಳಿಂದ ಪೆಟ್ರೋಲ್ ತಂದು, ಬಯಲಿನಲ್ಲಿ, 100 ಮಿಲಿಲೀಟರಿನ ಗಾಜಿನ ಅಳತೆ ಜಾಡಿಯಲ್ಲಿ 10 ಮಿಲಿ ನೀರಿಗೆ 90 ಮಿಲಿ ಪೆಟ್ರೋಲ್ ಸೇರಿಸಿ ಕುಲುಕಿ ನೋಡಿದೆ. ಎಥೆನಾಲ್ ಪೆಟ್ರೋಲನ್ನು ಬಿಟ್ಟು ನೀರಿನೊಂದಿಗೆ ಕೂಡಿಕೊಳ್ಳುವುದರಿಂದ ಕೆಳಗಿನ ಪದರ ಬೆಳೆಯುತ್ತದೆ. ಒಂದರಲ್ಲಿ ಗೆರೆ 19ರ ಬಳಿ ನಿಂತಿತು, ಇನ್ನೊಂದರಲ್ಲಿ 27 ದಾಟಿತು. ಮೊದಲನೆಯದು ಶೇ 10ರ ಪೆಟ್ರೋಲ್, ಎರಡನೆಯದು ಶೇ 20ರದು. ಎರಡೂ ಕಡೆ ನಳಿಕೆಯ ಮೇಲೆ ಇದ್ದದ್ದು ಪೆಟ್ರೋಲ್ ಎಂಬ ಒಂದೇ ಪದ.

ಶೇ 20ರ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದು 2023ರ ಫೆಬ್ರುವರಿ 6ರಂದು, ನಮ್ಮದೇ ಬೆಂಗಳೂರಿನಲ್ಲಿ. ಮಂಡ್ಯ, ಬೆಳಗಾವಿ, ಬಾಗಲಕೋಟೆಯ ಕಬ್ಬು ಬೆಳೆಗಾರರಿಗೆ ಇದರಿಂದ ಒಳಿತಾಗುವುದಾದರೆ ಅದಕ್ಕೆ ನನ್ನ ಮನಃಪೂರ್ವಕ ಬೆಂಬಲವಿದೆ. ಆದರೆ ಹಳೆಯ ವಾಹನಗಳ ರಕ್ಷಣೆಗಾಗಿ ಶೇ 10ರ ಪೆಟ್ರೋಲನ್ನೂ ಉಳಿಸಬೇಕೆಂದು ಅದೇ 2021ರ ವರದಿ ಸಲಹೆ ಮಾಡಿತ್ತು, ಅದು ಕಾರ್ಯಗತವಾಗಲಿಲ್ಲ. ಆಯ್ಕೆ ಮತ್ತು ಮಾಹಿತಿ ಕೋರಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾ ಮಾಡಿದೆ. ಆದ್ದರಿಂದ ಈಗ ಕೇಳಬೇಕಾದದ್ದು ಸರ್ಕಾರವನ್ನೇ. ಯುರೋಪಿನ ಬಂಕ್‌ಗಳಲ್ಲಿ 2018ರ ಅಕ್ಟೋಬರ್‌ನಿಂದ ಪಂಪಿನ ಮೇಲೂ ನಳಿಕೆಯ ಮೇಲೂ ದುಂಡು ಚೌಕಟ್ಟಿನೊಳಗೆ ಇ5, ಇ10 (ಶೇ 5, ಶೇ 10ರವರೆಗೆ ಎಥೆನಾಲ್) ಎಂದು ಬರೆದಿರುತ್ತದೆ. ಒಂದು ಚೀಟಿ ಅಂಟಿಸಲು ಎಷ್ಟು ಖರ್ಚಾದೀತು?

ಪ್ರತಿ ಬಂಕ್‌ನಲ್ಲಿ ಎಥೆನಾಲ್ ಪ್ರಮಾಣವನ್ನು ಕನ್ನಡದಲ್ಲಿ, ಕಣ್ಣಿಗೆ ಕಾಣುವಂತೆ ಬರೆಸಬೇಕು. 2023ರ ಏಪ್ರಿಲ್‌ಗಿಂತ ಮೊದಲು, ಎಂದರೆ ಶೇ 20ರ ಎಥೆನಾಲ್ ತಾಳುವ ಭಾಗಗಳು ಹೊಸ ಕಾರುಗಳಲ್ಲಿ ಬರುವ ಮುನ್ನ, ಮಾರಾಟವಾದ ಪ್ರತಿ ಮಾದರಿಗೂ ಯಾವ ಹೋಸ್, ಯಾವ ಸೀಲ್, ಯಾವ ಪಂಪ್ ಬದಲಾಯಿಸಬೇಕೆಂಬ ಪಟ್ಟಿಯನ್ನು ತಯಾರಕರಿಂದ ಲಿಖಿತವಾಗಿ ಪಡೆದು ಪ್ರಕಟಿಸಬೇಕು. ನನ್ನ ಕಾರಿನ ನೋಂದಣಿ 2029ರವರೆಗೆ ಊರ್ಜಿತದಲ್ಲಿದೆ. ಅಲ್ಲಿಯವರೆಗೆ ಅದರ ಟ್ಯಾಂಕಿಗೆ ಬೀಳುತ್ತಿರುವುದು ಏನೆಂದು ತಿಳಿಯುವ ಹಕ್ಕು ನನಗಿದೆ ಎಂದು ನಂಬಿದ್ದೇನೆ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ವಿಜಯನಗರ, ಬೆಂಗಳೂರು